ಮಂಡಿಗೆ ತಾಕಿದರೆ ಒಂದನೇ ಗೇರು

ಹೊಳೆನರಸೀಪುರದ ನಂಜಪ್ಪನ ಹತ್ತಿರ ಕಾರು ಕಲಿತವರನ್ನು ಹಾಸನದ ಟೆಸ್ಟ್ ಮೈದಾನದಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಿದ್ದರು. ಒಂದನೇ ಗೇರು ಹಾಕುವಾಗ ಅವರ ಎಡಗೈ ಪಕ್ಕದ ಸೀಟಿನಲ್ಲಿ ಕೂತವರ ಮಂಡಿಗೆ ಹೋಗಿ ಬಡಿಯುತ್ತಿತ್ತು. ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿ, ಚನ್ನರಾಯಪಟ್ಟಣದ ಟೀಚರಮ್ಮ, ಶ್ರವಣಬೆಳಗೊಳದಲ್ಲಿ ಯಾತ್ರಿಕರನ್ನು ಸುತ್ತಾಡಿಸುವ ಟ್ಯಾಕ್ಸಿಯವನು, ಎಲ್ಲರದೂ ಅದೇ ಕೈ. "ನನ್ ಮಂಡಿ ತಾಕುದ್ರೆ ಒಂದ್ನೇ ಗೇರು, ತಾಕ್ನಿಲ್ಲ ಅಂದ್ರೆ ಅದು ಮೂರು" ಎಂದು ನಂಜಪ್ಪ ಕಲಿಸುತ್ತಿದ್ದ.

ಅವನ ಬಿಳಿ ಕಾರು ಹಾಗಿತ್ತು. ಗೇರಿನ ಕೋಲಿನ ತುದಿಯ ಗುಬುಟಿನ ಮೇಲೆ ಬರೆದ ಚಿತ್ರ ಒಂದು ಹೇಳಿದರೆ ಗಾಡಿ ಇನ್ನೊಂದು ಕೇಳುತ್ತಿತ್ತು. ಚಿತ್ರದ ಪ್ರಕಾರ ಒಂದನೇ ಗೇರು ಎಡಕ್ಕೆ ತಳ್ಳಿ ಮೇಲಕ್ಕೆ, ರಿವರ್ಸು ಅದಕ್ಕಿಂತಲೂ ಆಚೆ ಎಡಕ್ಕೆ ತಳ್ಳಿ ಮೇಲಕ್ಕೆ. ಆದರೆ ಈ ಗಾಡಿಯಲ್ಲಿ ರಿವರ್ಸಿನ ಜಾಗಕ್ಕೆ ತಳ್ಳಿದರೆ ಒಂದು ಬೀಳುತ್ತಿತ್ತು, ಒಂದರ ಜಾಗಕ್ಕೆ ತಳ್ಳಿದರೆ ಮೂರು ಬೀಳುತ್ತಿತ್ತು. ರಿವರ್ಸೇ ಬೇಕೆಂದರೆ ಮಂಡಿಯನ್ನೂ ಒತ್ತಿ ಆಚೆ ಸರಿಸಿ, ಅಂಗೈ ಬುಡದಿಂದ ಒಂದು ಗುದ್ದು ಕೊಡಬೇಕು. ತಪ್ಪಿ ರಿವರ್ಸಿಗೆ ಹೋಗದಂತೆ ಗುಬುಟಿನ ಕೆಳಗೆ ಇದ್ದ ತಡೆ ಯಾವ ಕಾಲದಲ್ಲೋ ಮುರಿದು ಹೋಗಿತ್ತು. ಹೆಣ್ಣುಮಕ್ಕಳು ಕಲಿಯಲು ಬಂದರೆ ನಂಜಪ್ಪ ಮಂಡಿಯ ಮೇಲೊಂದು ಟವೆಲು ಮಡಿಸಿಟ್ಟುಕೊಳ್ಳುತ್ತಿದ್ದ. ಅಷ್ಟು ಮರ್ಯಾದೆ ಅವನಿಗಿತ್ತು, ಇಲ್ಲ ಅನ್ನಬಾರದು.

ಆದರೆ ಇದು ನಂಜಪ್ಪನ ಕಥೆಯಲ್ಲ. ಅವನ ಹೆಂಡತಿ ಅನಸೂಯಮ್ಮನ ಕಥೆ. ನಾಲ್ಕು ತಾಲ್ಲೂಕಿನವರಿಗೆ ಕಾರು ಕಲಿಸಿದವನ ಹೆಂಡತಿ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದಳು. ದೀಪದ ಬುಡದಲ್ಲೇ ಕತ್ತಲು ಎಂದು ಊರವರು ನಕ್ಕಿದ್ದರು.

ಅನಸೂಯಮ್ಮನ ತವರು ಅರಕಲಗೂಡು ಕಡೆಯ ಮಲ್ಲಿಪಟ್ಟಣ. ಲಂಗ ಉಡುವ ವಯಸ್ಸಿನಲ್ಲೇ ಅಪ್ಪನ ಜೊತೆ ಗದ್ದೆಗಿಳಿದು ಟಿಲ್ಲರು ಹಿಡಿದವಳು. ಮದುವೆಯಾಗಿ ಬಂದ ಮೇಲೆ ಗಂಡನ ಮನೆಯಲ್ಲಿ ಚಕ್ರ ಇರುವ ವಸ್ತುಗಳೆಲ್ಲ ಗಂಡಸರ ಪಾಲು ಎಂದು ಗೊತ್ತಾಗಿ ಸುಮ್ಮನಾಗಿದ್ದಳು. ಮಗಳು ನಿಸರ್ಗಳ ಮದುವೆ ಮುಗಿದ ಮೇಲೆ ಊರಿನ ಹೆಂಗಸರ ಸಂಘಕ್ಕೆ ಸೇರಿದಳು. ಆ ಸಂಘಕ್ಕೆ ಪಂಚಾಯಿತಿಯಿಂದ ಒಂದು ಕಸದ ಗಾಡಿ ಬಂತು. ಸಂಘದ ಹೆಂಗಸೇ ಅದನ್ನು ಓಡಿಸಬೇಕು, ಮನೆಮನೆಯ ಕಸ ತುಂಬಿಸಬೇಕು ಎಂಬುದು ನಿಯಮ. ಯಾರು ಓಡಿಸುತ್ತೀರಿ ಎಂದು ಅಧ್ಯಕ್ಷೆ ದಾಕ್ಷಾಯಣಮ್ಮ ಕೇಳಿದಾಗ ಎಲ್ಲರೂ ಸೆರಗು ಸರಿಮಾಡಿಕೊಂಡರು. ಅನಸೂಯಮ್ಮ ಕೈ ಎತ್ತಿದಳು. ನಲವತ್ತೆರಡನೇ ವಯಸ್ಸಿನಲ್ಲಿ ಯಾರನ್ನೂ ಕೇಳದೆ ಅವಳು ಎತ್ತಿದ ಮೊದಲ ಕೈ ಅದು.

ದಸರಾ ಕಳೆದ ಮೇಲೆ ಮೊದಲ ಟೆಸ್ಟು. ಮೈದಾನದ ದಿಬ್ಬದ ಮಧ್ಯೆ ಗಾಡಿ ನಿಲ್ಲಿಸಿ ಮತ್ತೆ ಹೊರಡಬೇಕು. ಅವಳ ಕೈ ಗುಬುಟಿನ ಚಿತ್ರದಲ್ಲಿ ಇದ್ದಂತೆಯೇ ಹೋಯಿತು, ಮೂರನೇ ಗೇರು ಬಿತ್ತು, ಗಾಡಿ ಗುಕ್ ಎಂದು ನಿಂತಿತು. ಮತ್ತೆ ಸ್ಟಾರ್ಟು, ಮತ್ತೆ ಗುಕ್. ಸಂಕ್ರಾಂತಿ ಆದ ಮೇಲೆ ಎರಡನೇ ಟೆಸ್ಟು. ಮಂಡಿ, ಮಂಡಿ ಎಂದು ಜಪ ಮಾಡಿಕೊಂಡೇ ಹೋಗಿದ್ದಳು. ಗಾಬರಿಯಲ್ಲಿ ಕೈ ಮತ್ತೆ ತನ್ನ ಪಾಡಿಗೆ ತಾನು ಚಿತ್ರದ ದಾರಿ ಹಿಡಿಯಿತು. ಅವತ್ತು ನಂಜಪ್ಪ ಮೈದಾನದ ಹುಣಸೆಮರದ ಕೆಳಗೆ, ತನ್ನ ಶಿಷ್ಯರು, ಬೇರೆ ಸ್ಕೂಲಿನವರು, ಕಡಲೆಕಾಯಿ ಮಾರುವವಳು ಎಲ್ಲರ ಮುಂದೆ ಹೇಳಿದ: "ಸೌಟ್ ಇಡ್ಯೋ ಕೈಗೆ ಗೇರ್ ಕೊಟ್ರೆ ಇಂಗೇ ಆಗೋದು. ನಿನ್ ಕೈಗೆ ಬುದ್ದಿ ಅನ್ನೋದೇ ಇಲ್ಲ ಕಣೆ."

ಎಲ್ಲರೂ ನಕ್ಕರು. ಅನಸೂಯಮ್ಮ ಮನೆಗೆ ಬಂದು ಅದೇ ಕೈಯಲ್ಲಿ ಮುದ್ದೆ ತಿರುವಿದಳು. ಮರುದಿನದಿಂದ ಗಂಡ ಹೊರಗೆ ಹೋದ ಮೇಲೆ ರಾಗಿ ತುಂಬಿದ ಡಬ್ಬಕ್ಕೆ ಮಜ್ಜಿಗೆ ಕಡಗೋಲು ನೆಟ್ಟು, ಪಕ್ಕದಲ್ಲೊಂದು ಕುಂಬಳಕಾಯಿ ಇಟ್ಟು, ಅದೇ ಗಂಡನ ಮಂಡಿ ಎಂದುಕೊಂಡು ಅಭ್ಯಾಸ ಶುರುಮಾಡಿದಳು. ತಳ್ಳು, ಕುಂಬಳಕಾಯಿಗೆ ತಾಕಿಸು, ಮೇಲಕ್ಕೆ. ಬೇಸಗೆ ಬರುವ ಹೊತ್ತಿಗೆ ಅವಳ ಕೈ ನಂಜಪ್ಪನ ಕೈಯೇ ಆಗಿಬಿಟ್ಟಿತ್ತು. ಕನಸಿನಲ್ಲಿಯೂ ಮಂಡಿಗೆ ತಾಕಿಸಿಯೇ ಗೇರು ಹಾಕುತ್ತಿದ್ದಳು.

ಅಷ್ಟರಲ್ಲಿ ಕಸದ ಗಾಡಿ ಪಂಚಾಯಿತಿ ಕಚೇರಿಯ ಪಕ್ಕ ಟಾರ್ಪಾಲು ಹೊದ್ದು ನಿಂತು ನಿಂತು ಸಾಕಾಗಿತ್ತು. ಊರಿನ ಕೋಳಿಯೊಂದು ಅದರೊಳಗೆ ಮೊಟ್ಟೆ ಇಟ್ಟು ಮರಿಯನ್ನೂ ಮಾಡಿತ್ತು. ಸೋಮವಾರದ ಪಂಚಾಯಿತಿ ಸಭೆಯ ಹೊತ್ತಿಗೆ ಅನಸೂಯಮ್ಮ ಪಾಸಾಗಿರದಿದ್ದರೆ ನಿಯಮ ಬದಿಗಿಟ್ಟು ಗಾಡಿಯನ್ನು ಕಾಂತರಾಜು ಎಂಬವನಿಗೆ ಒಪ್ಪಿಸುವುದು ಎಂದು ತೀರ್ಮಾನವಾಗಿತ್ತು. ಕಾಂತರಾಜು ಟ್ರ್ಯಾಕ್ಟರ್ ಓಡಿಸುವವನು. ಕೆಲಸ ಅವನಿಗೆ ಸಿಕ್ಕಿದರೆ ಮತ್ತೆ ಹೆಂಗಸರ ಕೈಗೆ ಬರುವುದಿಲ್ಲ ಎಂದು ಸಂಘದ ಎಲ್ಲರಿಗೂ ಗೊತ್ತಿತ್ತು. "ನೋಡು ಅನಸೂಯ, ಇದೊಂದೇ ಸಲ" ಎಂದು ದಾಕ್ಷಾಯಣಮ್ಮ ಹೇಳಿದ್ದಳು. ಮೂರನೇ ಟೆಸ್ಟು ಬಿದ್ದದ್ದು ಶುಕ್ರವಾರ, ಹನ್ನೊಂದು ಗಂಟೆಗೆ.

ಶುಕ್ರವಾರ ಬೆಳಿಗ್ಗೆ ಹೊಳೆನರಸೀಪುರ ಬಿಟ್ಟಾಗ ಸ್ಟೇರಿಂಗು ಅನಸೂಯಮ್ಮನ ಕೈಯಲ್ಲಿತ್ತು. ನಂಜಪ್ಪ ಪಕ್ಕದಲ್ಲಿ ಕೂತು, ಕಲಿಸುವವರಿಗಾಗಿ ಅವನ ಕಡೆ ಇರುವ ಬ್ರೇಕು ಕ್ಲಚ್ಚುಗಳ ಮೇಲೆ ಎರಡೂ ಪಾದ ಇಟ್ಟುಕೊಂಡಿದ್ದ. ಅವಳು ಚೆನ್ನಾಗಿಯೇ ಓಡಿಸಿದಳು. ಒಂದು ಎತ್ತಿನ ಗಾಡಿಯನ್ನು ದಾಟಿದಾಗ "ಊಂ" ಎಂದ. ನಂಜಪ್ಪನ ಬಾಯಲ್ಲಿ ಊಂ ಎಂದರೆ ದೊಡ್ಡ ಸರ್ಟಿಫಿಕೇಟು.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ನಿಂತರು. ಮೈಸೂರು ಕಡೆಯ ರೈಲು ಹೋಯಿತು, ಗೇಟು ಎದ್ದಿತು. ಅನಸೂಯಮ್ಮ ಕ್ಲಚ್ಚು ತುಳಿದು ಕೈಯನ್ನು ಗಂಡನ ಮಂಡಿಗೆ ತಾಕಿಸಿ ಮೇಲಕ್ಕೆ ತಳ್ಳಿದಳು. ಗಾಡಿ ಗುಕ್ ಎಂದು ನಿಂತಿತು. ಮತ್ತೆ ಹಾಕಿದಳು. ಗುಕ್. ಗೇರಿನ ಕೋಲು ಬೀಳಲಿರುವ ಹಾಲುಹಲ್ಲಿನಂತೆ ಆ ಕಡೆಗೂ ಈ ಕಡೆಗೂ ಸುಮ್ಮನೆ ಅಲ್ಲಾಡಿತು. ಹಿಂದಿನಿಂದ ಬಸ್ಸು ಹಾರನ್ನು ಹೊಡೆಯಿತು, ಅದರ ಹಿಂದೆ ಲಾರಿ.

"ಏನ್ ಮಾಡ್ತಿದ್ದೀಯೆ? ಮಂಡಿಗೆ ತಾಕ್ಸೆ!"

"ತಾಕ್ಸಿವ್ನಿ! ನಿಮ್ ಮಂಡಿ ನಿಮಗೇ ಗೊತ್ತಾಗ್ತಿಲ್ವಾ?"

ಅವನು ತಾನೇ ಕೈ ಹಾಕಿ ನೋಡಿದ. ಗುದ್ದಿದ. ಏನು ಮಾಡಿದರೂ ಮೂರು ಬಿಟ್ಟು ಬೇರೆ ಗೇರಿಗೆ ಗಾಡಿ ಒಪ್ಪಲಿಲ್ಲ. ಬಸ್ಸಿನಿಂದ ಇಳಿದ ನಾಲ್ಕು ಜನ ಬೈದುಕೊಂಡೇ ತಳ್ಳಿ, ಹಳಿ ದಾಟಿಸಿ, ಟೀ ಅಂಗಡಿಯ ಮುಂದೆ ಬಿಟ್ಟರು. ಹಾಸನ ಇನ್ನೂ ದೂರ. ಬಸ್ಸು ಹತ್ತಿ ಹೋಗಬಹುದಿತ್ತು, ಆದರೆ ಕಾರಿಲ್ಲದೆ ಟೆಸ್ಟಿಗೆ ಹೋಗಿ ಮಾಡುವುದೇನು.

ನಂಜಪ್ಪ ಬಾನೆಟ್ಟು ಎತ್ತಿ, ಏರ್ ಫಿಲ್ಟರಿನ ಡಬ್ಬ ಬಿಚ್ಚಿ ಪಕ್ಕಕ್ಕಿಟ್ಟು, ಟಾರ್ಚು ಹಾಕಿ ಬಗ್ಗಿದ. ಗೇರಿನ ಕೋಲಿನಿಂದ ಹೊರಟ ಕೇಬಲ್ಲು ಅಲ್ಲಿಗೆ ಬಂದು ಮುಗಿಯುತ್ತದೆ. ಅದರ ತುದಿಯಲ್ಲಿ ಕಿವಿಯ ಹಾಗೆ ಒಂದು ತೂತು. ಆ ಕಿವಿ ಗೇರ್‌ಬಾಕ್ಸಿನ ಗುಂಡುತಲೆಯ ಮೇಲೆ ಕೂರಬೇಕು. ಎರಡರ ನಡುವೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಉಂಗುರವೇ ಬುಷ್ಷು. ಅದು ಸವೆದರೆ ಕೋಲು ಅಲ್ಲಾಡುತ್ತದೆ, ಕೈ ಹೋದಷ್ಟು ದೂರ ಗೇರು ಹೋಗುವುದಿಲ್ಲ. ಅವತ್ತು ಅದು ಪೂರ್ತಿ ಪುಡಿಯಾಗಿ ಉದುರಿತ್ತು. ಕೇಬಲ್ಲಿನ ಕಿವಿ ಗುಂಡುತಲೆಯಿಂದ ಜಾರಿ ಗಾಳಿಯಲ್ಲಿ ತೂಗುತ್ತಿತ್ತು.

"ಬುಷ್ ಓಗೈತೆ" ಎಂದ.

"ಎಲ್ಲಿ ಸಿಗ್ತದೆ? ಆಸನಕ್ಕೇ ಓಗ್ಬೇಕಾ?"

ನಂಜಪ್ಪ ಕೈ ಒರೆಸಿಕೊಂಡು ಹೋಗಿ, ಡ್ಯಾಶ್‌ಬೋರ್ಡಿನ ಖಾನೆ ತೆಗೆದು, ಬಟ್ಟೆ, ಸ್ಪ್ಯಾನರು, ಊದಿನಕಡ್ಡಿ ಪೊಟ್ಟಣಗಳ ಅಡಿಯಿಂದ ಒಂದು ಪುಟ್ಟ ಪ್ಲಾಸ್ಟಿಕ್ ಲಕೋಟೆ ಹೊರತೆಗೆದ. ಲಕೋಟೆಯ ಮೇಲೆಲ್ಲ ಕುಂಕುಮ. ಹಳೆಯದು ಕಪ್ಪಾಗಿತ್ತು, ಅದರ ಮೇಲೊಂದು, ಅದರ ಮೇಲೆ ಇನ್ನೊಂದು.

ಅನಸೂಯಮ್ಮನಿಗೆ ಆ ಲಕೋಟೆ ಗೊತ್ತಿತ್ತು. ಆ ಕುಂಕುಮ ಇಟ್ಟವಳು ಅವಳೇ. ಪ್ರತಿ ಆಯುಧಪೂಜೆಗೂ ಜಾಕು, ಸ್ಪ್ಯಾನರು, ಕತ್ತಿ, ಕುಡುಗೋಲುಗಳ ಸಾಲಿನಲ್ಲಿ ನಂಜಪ್ಪ ಅದನ್ನೂ ಇಡುತ್ತಿದ್ದ. ಇದೇನು ಎಂದು ಒಮ್ಮೆ ಕೇಳಿದ್ದಕ್ಕೆ "ಗಾಡೀದು, ಪೂಜೆ ಮಾಡು ಸಾಕು" ಎಂದಿದ್ದ. ಅವಳು ಭಕ್ತಿಯಿಂದ ಮಾಡಿದ್ದಳು.

"ಇದೇನಾ ಬುಷ್ಷು?"

"ಊಂ."

"ನಾನ್ ಫೇಲಾದಾಗ್ಲೂ ಇದು ಗಾಡೀಲೇ ಇತ್ತಾ? ಎರಡ್ ಸಲಾನೂ?"

ನಂಜಪ್ಪ ಲಕೋಟೆ ಹರಿಯುವುದರಲ್ಲಿ ಮಗ್ನನಾದ. ಹರಿಯಲು ಅಂಥಾದ್ದೇನೂ ಇರಲಿಲ್ಲ. "ಓಡೋ ಗಾಡಿ ಬಿಚ್ಬಾರ್ದು ಕಣೆ" ಎಂದ. ಅವಳು ಸುಮ್ಮನೆ ನೋಡುತ್ತಿದ್ದಾಗ ಉಳಿದದ್ದೂ ಬಾಯಿಂದ ಬಂತು. "ಆಕ್ಬೇಕು ಅಂತ್ಲೇ ತಂದಿದ್ದೆ. ಆದ್ರೆ ಬ್ಯಾಚ್ ಇರ್ತಿತ್ತಲ್ಲ. ಒಬ್ರು ಕಲ್ತ್ ಮುಗ್ಸೋದ್ರಲ್ಲಿ ಇನ್ನಿಬ್ರು ಅರ್ಧ ಕಲ್ತಿರೋರು. ಮಧ್ಯದಲ್ಲಿ ಗೇರ್ ಸರಿ ಮಾಡುದ್ರೆ ಕಲ್ತಿದ್ದೆಲ್ಲಾ ತಲೆಕೆಳಗಾಗಿ ಎಲ್ರೂ ಫೇಲಾಗೋರು. ಎಲ್ರೂ ಕಲ್ತು ಮುಗ್ದಿರೋ ದಿವ್ಸ ಅಂತ ಒಂದು ಬರ್ಬೇಕಲ್ಲ. ಬರ್ನೇ ಇಲ್ಲ."

ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಸುಳ್ಳಾಗಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಸೊಟ್ಟ ಗಾಡಿಯನ್ನು ನೆಟ್ಟಗೆ ಮಾಡುವುದಕ್ಕಿಂತ ನಾಲ್ಕು ತಾಲ್ಲೂಕಿನ ಕೈಗಳನ್ನು ಸೊಟ್ಟ ಮಾಡುವುದು ಅವನಿಗೆ ಸುಲಭವಾಗಿ ಕಂಡಿತ್ತು. ಸೊಟ್ಟಗಾಗದ ಒಂದು ಕೈಯನ್ನು ಊರ ಮುಂದೆ ಬೈದಿದ್ದ. ಕೆನ್ನೆಗೆ ಹೊಡೆದಂತಾಯಿತು ಅವಳಿಗೆ. ಆದರೆ ಜಗಳಕ್ಕೆ ಹೊತ್ತಿರಲಿಲ್ಲ.

"ಮೊದ್ಲು ಆಕಿ" ಎಂದಳು.

ಹಾಕುವುದು ಹೇಳಿದಷ್ಟು ಸುಲಭವಾಗಲಿಲ್ಲ. ವರ್ಷಗಟ್ಟಲೆ ಡ್ಯಾಶ್‌ಬೋರ್ಡಿನ ಕಾವಿನಲ್ಲಿ ಬೆಂದು ಬುಷ್ಷು ಗಟ್ಟಿಯಾಗಿತ್ತು. ಬಲವಂತ ಮಾಡಿದರೆ ಬಿರುಕು ಬಿಡುತ್ತದೆ, ಇರುವುದೊಂದೇ. ಟೀ ಅಂಗಡಿಯ ಗಂಗಯ್ಯ ಒಂದು ಲೋಟ ಕುದಿಯುವ ನೀರು ಕೊಟ್ಟ. ಅದರಲ್ಲಿ ಬುಷ್ಷು ಅದ್ದಿಟ್ಟು ಕಾದರು. ಮೆತ್ತಗಾದ ಮೇಲೆ ನಂಜಪ್ಪ ಅದನ್ನು ಕೇಬಲ್ಲಿನ ಕಿವಿಗೆ ಒತ್ತಿ ಕೂರಿಸಿದ. ಅಲ್ಲಿಗೆ ಅರ್ಧ ಕೆಲಸ. ಈಗ ಆ ಕಿವಿಯನ್ನು ಗುಂಡುತಲೆಯ ಮೇಲೆ ನೇರಕ್ಕೆ ಇಟ್ಟು ಅದುಮಬೇಕು. ಆ ಸಂದಿಗೆ ನಂಜಪ್ಪನ ಮುಷ್ಟಿ ಹೋಗಲೇ ಇಲ್ಲ. ಇಕ್ಕಳ ಹಾಕಿದರೆ ಜಾರಿತು. ಮತ್ತೊಮ್ಮೆ ಹಾಕಿದ, ಬುಷ್ಷಿನ ಅಂಚಿನಲ್ಲಿ ಬೆಳ್ಳಗೆ ಒಂದು ಗೀರು ಬಿತ್ತು.

"ಬಿಡಿ, ಬಿಡಿ! ಮುರ್ದಾಕ್ಬುಟ್ಟೀರಾ!"

ಅನಸೂಯಮ್ಮ ಬಳೆ ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ಎಡಗೈಯನ್ನು ಸಂದಿಯೊಳಗೆ ಇಳಿಬಿಟ್ಟಳು. ಎಂಜಿನ್ನಿನ ಕಾವು ಮೊಣಕೈಯನ್ನು ಸುಟ್ಟಿತು, ತೆಗೆಯಲಿಲ್ಲ. ಕಣ್ಣಿಗೆ ಏನೂ ಕಾಣದು, ಬೆರಳಿಗೆ ಮಾತ್ರ ತಿಳಿಯುತ್ತಿತ್ತು. ಗುಂಡುತಲೆ ಸಿಕ್ಕಿತು, ಅದರ ಮೇಲೆ ಕಿವಿ ಇಟ್ಟಳು, ಓರೆಯಾಯಿತು, ಮತ್ತೆ ನೇರ ಮಾಡಿದಳು. ಹೆಬ್ಬೆರಳಿನಿಂದ ಒತ್ತಿದಳು. ಕೂರಲಿಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಒತ್ತಿದಾಗ ಒಳಗೆಲ್ಲೋ ಟಕ್ ಎಂದಿತು. ನಂಜಪ್ಪ ಒಳಗೆ ಹೋಗಿ ಗೇರಿನ ಕೋಲು ಅಲ್ಲಾಡಿಸಿದ. ಈಗದು ಅಲ್ಲಾಡಲಿಲ್ಲ, ಮೊಳೆ ಹೊಡೆದ ಹಾಗೆ ನಿಂತಿತು.

ಇಬ್ಬರಿಗೂ ಒಂದು ಗಳಿಗೆ ಜೀವ ಬಂತು. ಅವಳು ಮೊಣಕೈಗೆ ತಣ್ಣೀರು ಹಾಕಿಕೊಂಡು, ಬಳೆ ತೊಟ್ಟು, ಸ್ಟೇರಿಂಗಿಗೆ ಕೂತಳು. ಕ್ಲಚ್ಚು ತುಳಿದಳು. ಮಂಡಿಗೆ ತಾಕಿಸಿ ಮೇಲಕ್ಕೆ ಹಾಕಿದಳು. ಕ್ಲಚ್ಚು ಬಿಟ್ಟಳು.

ಗಾಡಿ ಹಿಂದಕ್ಕೆ ಹಾರಿತು.

ಗಂಗಯ್ಯನ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಇಬ್ಬರು ಲೋಟ ಬಿಸಾಕಿ ಎದ್ದು ಓಡಿದರು. ನಂಜಪ್ಪ ತನ್ನ ಕಡೆಯ ಬ್ರೇಕು ತುಳಿಯದೆ ಇದ್ದಿದ್ದರೆ ಬೆಂಚು ಉಳಿಯುತ್ತಿರಲಿಲ್ಲ. ಗಾಡಿ ನಿಂತ ಮೇಲೆ ಇಬ್ಬರೂ ಗೇರಿನ ಕಡೆ ನೋಡಿದರು. ಬಿದ್ದದ್ದು ರಿವರ್ಸು. ಗಾಡಿ ಸರಿಹೋಗಿತ್ತು. ಗುಬುಟಿನ ಚಿತ್ರ ಹೇಳಿದ್ದೇ ಈಗ ನಿಜವಾಗಿತ್ತು. ಕುಂಬಳಕಾಯಿ ಇಟ್ಟುಕೊಂಡು ಇಷ್ಟು ತಿಂಗಳು ಕಲಿತ ಕೈ ಮಾತ್ರ ಈಗ ತಪ್ಪಾಗಿತ್ತು.

"ಇಳಿ" ಎಂದ ನಂಜಪ್ಪ. "ನಾನ್ ಓಡುಸ್ತೀನಿ." ಅವನು ಕೂತು ಗೇರು ಹಾಕಿದ. ಗಾಡಿ ಮತ್ತೆ ಹಿಂದಕ್ಕೇ ಹಾರಿತು. ಗಂಗಯ್ಯ ಅಂಗಡಿಯಿಂದಲೇ "ಅಲ್ಲಾ ಮೇಷ್ಟ್ರೇ, ನೀವೂ ಕಲಿಯಾಕ್ ಬಂದೋರಾ?" ಎಂದು ಕೂಗಿದ. ಬೇರೆ ದಿನವಾಗಿದ್ದರೆ ಅನಸೂಯಮ್ಮ ಬಿದ್ದು ಬಿದ್ದು ನಗುತ್ತಿದ್ದಳು.

ನಂಜಪ್ಪ ಎಂಜಿನ್ನು ಆಫ್ ಮಾಡಿ ಇಳಿದ. "ಇರು. ಬುಷ್ ತಗ್ದಾಕ್ತೀನಿ. ಸೈಕಲ್ ಟ್ಯೂಬ್ ಚೂರು ಸುತ್ತಿ, ತಂತಿ ಬಿಗುದ್ರೆ ಮದ್ಲಿನಂಗೇ ಲೂಜಾಗ್ತದೆ. ಮಂಡಿ ಲೆಕ್ಕಕ್ಕೇ ಬತ್ತದೆ. ಪಾಸಾಗು ಮದ್ಲು, ಆಮ್ಯಾಕ್ ನೋಡನ."

ಉಪಾಯ ಸರಿಯಾಗಿಯೇ ಇತ್ತು. ಅದೇ ಕಷ್ಟ. ಹಳೆಯ ಹಾಗೆ ಮಾಡಿಬಿಟ್ಟರೆ ಅವಳು ಕಣ್ಣು ಮುಚ್ಚಿಕೊಂಡು ದಿಬ್ಬ ಹತ್ತಿಸುತ್ತಿದ್ದಳು. ಅವನು ಇಕ್ಕಳ ಹಿಡಿದು ಬಗ್ಗಿಯೂ ಆಗಿತ್ತು. ಅನಸೂಯಮ್ಮನ ಕಣ್ಣಿಗೆ ಊರಿನ ಬೀದಿಗಳು ಬಂದವು. ಪಡಸಾಲೆಯಿಂದ ಕಾಲು ಇಳಿಬಿಟ್ಟು ಕೂತ ಮುದುಕಿಯರು, ಕಸದ ಗಾಡಿಯ ಹಾಡು ಕೇಳಿದರೆ ಹಿಂದಿನಿಂದ ಓಡಿಬರುವ ಮಕ್ಕಳು. ಆ ಗಾಡಿ ಹೊಸದು, ಅದರ ಗೇರು ನೆಟ್ಟಗಿದೆ. ಮುಂದಕ್ಕೆ ಎಂದು ಅವಳು ಹಾಕಿದ್ದು ಹಿಂದಕ್ಕೆ ಬಿದ್ದರೆ?

"ಬ್ಯಾಡ" ಎಂದಳು.

"ತಲೆ ಕೆಟ್ಟೈತಾ? ಇವತ್ತೂ ಫೇಲಾದ್ರೆ ಗಾಡಿ ಓಯ್ತು ಕಾಂತರಾಜುಗೆ!"

"ಓದ್ರೆ ಓಗ್ಲಿ. ಆ ಗಾಡೀಲಿ ಕೂತಾಗ ನಿಮ್ ಮಂಡಿ ಎಲ್ಲಿಂದ ತರ್ಲಿ ನಾನು?"

ನಂಜಪ್ಪ ಇಕ್ಕಳ ಕೆಳಗಿಟ್ಟು ಏರ್ ಫಿಲ್ಟರಿನ ಡಬ್ಬ ಮತ್ತೆ ಕೂರಿಸಿದ. ಬಾನೆಟ್ಟು ಮುಚ್ಚಿದ. ಗೇರು ಹಾಕುವಾಗಲೆಲ್ಲ ಗುಬುಟನ್ನು ನೋಡಿಕೊಂಡು, ಹೊಸದಾಗಿ ಕಲಿಯುವವನ ಹಾಗೆ ಬೆವರುತ್ತಾ ಹಾಸನದವರೆಗೆ ಅವನೇ ಓಡಿಸಿದ. ದಾರಿಯುದ್ದಕ್ಕೂ ಅನಸೂಯಮ್ಮ ತೊಡೆಯ ಮೇಲೆ ಎಡಗೈ ಇಟ್ಟು ನೋಡುತ್ತಿದ್ದಳು. ಒಂದು, ಎರಡು, ಮತ್ತೆ ಒಂದು. ನಾಲ್ಕು ಸಲ ಸರಿ ಬಂದರೆ ಐದನೆಯ ಸಲ ಕೈ ಎಡಕ್ಕೆ ಓಡಿ ಮಂಡಿ ಹುಡುಕುತ್ತಿತ್ತು. ಹಟಮಾರಿ ದನವೂ ಅಷ್ಟು ಗಟ್ಟಿಯಾಗಿ ಕೊಟ್ಟಿಗೆಯ ದಾರಿ ಹಿಡಿಯುವುದಿಲ್ಲ. ಅವಳಿಗೆ ಭಯವಾಯಿತು.

ಮೈದಾನ ಮುಟ್ಟಿದಾಗ ಸಾಲು ಆಗಲೇ ಕರಗುತ್ತಿತ್ತು. ಅವಳ ಹೆಸರು ಕೂಗಿದರು. ಇನ್ಸ್‌ಪೆಕ್ಟರು ಬಂದು ಎಡಗಡೆ ಕೂತು, ಪಾದಗಳನ್ನು ಪೆಡಲುಗಳಿಂದ ದೂರ ಎಳೆದುಕೊಂಡರು. ಮಂಡಿ ಸರಿಯಾಗಿ ನಂಜಪ್ಪನ ಮಂಡಿ ಇರುತ್ತಿದ್ದ ಜಾಗದಲ್ಲೇ ಇತ್ತು. ಅದೇ ಅವಳಿಗೆ ಹೆದರಿಕೆ. ಇಲ್ಲದ ಮಂಡಿಯನ್ನು ಮರೆಯಬಹುದು, ಕಣ್ಣೆದುರಿಗಿರುವ ಮಂಡಿಯನ್ನು ಮರೆಯುವುದು ಹೇಗೆ?

ನಂಜಪ್ಪ ಹುಣಸೆಮರದ ಕೆಳಗೆ ಹೋಗಿ ನಿಂತ. ಅವನ ಕಾಲ ಕೆಳಗೆ ಬ್ರೇಕು ಇರಲಿಲ್ಲ.

ಎಂಟರ ಆಕಾರದ ಸುತ್ತು ಹೇಗೋ ಮುಗಿಯಿತು. ಹೊರಡುವಾಗ ಮಾತ್ರ ಒಂದನೇ ಗೇರು, ಅದನ್ನು ಕಣ್ಣಿಂದ ನೋಡಿಯೇ ಹಾಕಿದ್ದಳು. ಇನ್ಸ್‌ಪೆಕ್ಟರು "ರಸ್ತೆ ನೋಡಮ್ಮ, ಗೇರಲ್ಲ" ಎಂದರು. ಇನ್ನು ನೋಡುವ ಹಾಗೂ ಇಲ್ಲ. ಮುಂದೆ ದಿಬ್ಬ.

ದಿಬ್ಬದ ಮಧ್ಯೆ "ನಿಲ್ಲಿಸಿ" ಎಂದರು. ನಿಲ್ಲಿಸಿದಳು. ಹ್ಯಾಂಡ್‌ಬ್ರೇಕು ಎಳೆದಳು. ಕನ್ನಡಿಯಲ್ಲಿ ಹಿಂದಿನ ಕಾರು ಕಾಣುತ್ತಿತ್ತು, ಅದರಲ್ಲೊಬ್ಬ ಹುಡುಗಿ ಸರದಿಗೆ ಕಾದು ಕೂತಿದ್ದಳು. ಈಗ ರಿವರ್ಸು ಬಿದ್ದರೆ ಇಳಿಜಾರೂ ಸೇರಿ ಗಾಡಿ ನೇರ ಅವಳ ಮೇಲೆ.

"ಹೊರಡಿ."

ಕೈ ಗುಬುಟಿನ ಮೇಲೆ ಹೋಯಿತು. ಎಡಕ್ಕೆ ಎಳೆಯತೊಡಗಿತು. ಇನ್ಸ್‌ಪೆಕ್ಟರ ಪ್ಯಾಂಟಿನ ಇಸ್ತ್ರಿಯ ಗೆರೆಯೇ ಅವಳನ್ನು ಕರೆದಂತಿತ್ತು. ಅವಳು ಅಲ್ಲೇ ತಡೆದಳು. ತಡೆದರೆ ಆಯಿತೇ, ಮುಂದೆ ಎಲ್ಲಿಗೆ? ತಲೆಯಲ್ಲಿ ಏನೂ ಹೊಳೆಯಲಿಲ್ಲ. ಮಂಡಿ, ಕುಂಬಳಕಾಯಿ, ಗುದ್ದು, ಎಲ್ಲ ಕಲಸಿಹೋಯಿತು. ಆಗ ಅವಳಿಗೆ ಇದೇ ದಿಬ್ಬದ ಮೇಲೆ ಮೊದಲ ಸಲ ಫೇಲಾದ ದಿನ ನೆನಪಾಯಿತು. ಅವತ್ತು ಯಾರ ಮಂಡಿಯ ನೆನಪೂ ಇಲ್ಲದೆ ಕೈ ತಾನಾಗಿ ಎಲ್ಲಿಗೆ ಹೋಗಿತ್ತೋ ಅಲ್ಲಿಗೇ ಈಗ ಹೋಗಬೇಕು. ಫೇಲಾದ ಕೈ ಬೇಕಾಗಿತ್ತು ಅವಳಿಗೆ, ಕಲಿತ ಕೈಯಲ್ಲ. ಬುದ್ಧಿಯಿಲ್ಲ ಎಂದು ಬೈಸಿಕೊಂಡ ಆ ಕೈಯನ್ನು ಅವಳೇ ಕೂತು, ತಿಂಗಳುಗಟ್ಟಲೆ ಅಡುಗೆಮನೆಯಲ್ಲಿ ಕೊಂದಿದ್ದಳು.

ಬೆರಳು ಸಡಿಲ ಬಿಟ್ಟಳು. ಎಡಕ್ಕೆ, ಸ್ವಲ್ಪವೇ. ಮೇಲಕ್ಕೆ. ಮೆತ್ತಗೆ ಒಳಗೆ ಹೋಯಿತು.

ಸರಿಯೋ ತಪ್ಪೋ ಕ್ಲಚ್ಚು ಬಿಡುವವರೆಗೂ ತಿಳಿಯುವುದಿಲ್ಲ. ಆಕ್ಸಿಲರೇಟರು ಒತ್ತಿದಳು, ಕ್ಲಚ್ಚು ಅರ್ಧ ಬಿಟ್ಟಳು, ಹ್ಯಾಂಡ್‌ಬ್ರೇಕು ಇಳಿಸಿದಳು. ಗಾಡಿ ಒಂದು ಚಣ ಅಲ್ಲೇ ನಡುಗಿತು. ಆಮೇಲೆ ಮೂತಿ ಎತ್ತಿ ದಿಬ್ಬ ಹತ್ತಿತು.

ಹಿಂದಕ್ಕೆ ಬರುವ ಕೊನೆಯ ಸುತ್ತನ್ನೂ ಮುಗಿಸಿ ನಿಲ್ಲಿಸಿದಾಗ ಇನ್ಸ್‌ಪೆಕ್ಟರು ಬಾಗಿಲು ತೆಗೆಯುತ್ತಾ ಕೇಳಿದರು: "ನಂಜಪ್ಪನ ಸ್ಕೂಲ್ ತಾನೇ? ಮಂಡಿಗೆ ಹೊಡೀಲೇ ಇಲ್ವಲ್ಲಮ್ಮ ನೀನು? ಆಯ್ತು, ಪಾಸು."

ಅನಸೂಯಮ್ಮನಿಗೆ ಸಂತೋಷ ಆಗಬೇಕಿತ್ತು. ಆಯಿತು ಕೂಡ, ದಾಕ್ಷಾಯಣಮ್ಮನಿಗೆ ಫೋನು ಮಾಡುವಷ್ಟು ಹೊತ್ತು. ಆ ಕಡೆಯಿಂದ ದಾಕ್ಷಾಯಣಮ್ಮ ಕೂಗಿಕೊಂಡದ್ದು ಪಕ್ಕದಲ್ಲಿ ನಿಂತವರಿಗೂ ಕೇಳಿಸಿತು. ಫೋನು ಇಟ್ಟ ಮೇಲೆ ಬಂದದ್ದು ಸಿಟ್ಟು. ಹುಣಸೆಮರದ ಕೆಳಗೆ ನಂಜಪ್ಪ ಬೇರೆ ಸ್ಕೂಲಿನವರ ಕೈ ಕುಲುಕುತ್ತಾ "ಬುಡ್ತೀವಾ ನಾವು, ಕಲ್ಸೇ ಕಲುಸ್ತೀವಿ" ಎನ್ನುತ್ತಿದ್ದ. ಆರು ತಿಂಗಳ ಹಿಂದೆಯೇ ಅವಳು ಆ ಕಸದ ಗಾಡಿಯಲ್ಲಿ ಕೂರಬಹುದಿತ್ತು. ತನ್ನ ಕೈಗೆ ಏನೋ ಐಬಿದೆ ಎಂದು ಆರು ತಿಂಗಳು ಅವಳೇ ನಂಬಿಕೊಂಡಿದ್ದಳಲ್ಲ, ಅದನ್ನು ನೆನೆದರೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ವಾಪಸು ಬರುವಾಗ ಓಡಿಸಿದ್ದು ಅವಳೇ.

ಹೊಳೆನರಸೀಪುರದ ಮೈದಾನದಲ್ಲಿ ಮಧ್ಯಾಹ್ನದ ಬ್ಯಾಚು ಕಾಯುತ್ತಿತ್ತು. ಮೊದಲು ಶಿವರಂಜನಿಯ ಸರದಿ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಮಾತು ಕಡಿಮೆ, ಕಲಿಯಲು ಬಂದು ಮೂರು ವಾರವಾಗಿತ್ತು. ಅನಸೂಯಮ್ಮ ಇಳಿದು ಹಿಂದಿನ ಸೀಟಿಗೆ ಹೋದಳು. ಮನೆಗೆ ನಡೆದು ಹೋಗಬಹುದಿತ್ತು, ಹೋಗಲಿಲ್ಲ. ನಂಜಪ್ಪ ಎಡಗಡೆ ಕೂತು, ಅಭ್ಯಾಸಬಲದಿಂದ ಮಂಡಿಗೆ ಟವೆಲು ಹಾಕಿಕೊಂಡು, "ಊಂ, ಗಾಡಿ ಎತ್ತವ್ವ" ಎಂದ. ಬುಷ್ಷು ಹೊಸದು ಎಂದು ಹೇಳಬೇಕೆಂಬುದು ಅವನಿಗೆ ಹೊಳೆಯಲಿಲ್ಲ, ಅಥವಾ ಹೇಳಲು ಬಾಯಿ ಬರಲಿಲ್ಲ.

ಶಿವರಂಜನಿ ಕಲಿತ ಹಾಗೆಯೇ ಮಾಡಿದಳು. ಟವೆಲಿಗೆ ತಾಕಿಸಿ ಮೇಲಕ್ಕೆ ಹಾಕಿದಳು. ಗಾಡಿ ಹಿಂದಕ್ಕೆ ಹಾರಿತು, ಸಾಲಿನಲ್ಲಿ ನಿಂತವರು ಚೀರಿದರು, ನಂಜಪ್ಪ ಬ್ರೇಕು ತುಳಿದ. ತುಳಿದ ಕಾಲಿನ ಜೊತೆಗೇ ಬಾಯಿಯೂ ತೆರೆಯಿತು.

"ಅಲ್ಲಾ, ನಿನ್ ಕೈಗೆ ಬುದ್ದಿ..."

ಅಲ್ಲಿಗೆ ನಿಂತ. ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಎಂದು ನೆನಪಾಗಿತ್ತು. ಶಿವರಂಜನಿ ಬೈಗುಳ ಬರುತ್ತದೆಂದು ಕುತ್ತಿಗೆ ಕುಗ್ಗಿಸಿ ಕೂತಿದ್ದಳು, ಕಣ್ಣಲ್ಲಿ ಆಗಲೇ ನೀರು ತುಂಬಿತ್ತು. ನಂಜಪ್ಪ ಟವೆಲು ತೆಗೆದು ಮುಖ ಒರೆಸಿಕೊಂಡ.

"ನಿನ್ ಕೈದೇನೂ ತಪ್ಪಿಲ್ಲ ಕಣವ್ವ. ತಪ್ಪು ಗಾಡೀದು, ನಂದು. ಎದರ್ಬ್ಯಾಡ, ಇನ್ನೊಂದ್ ಸಲ ಆಕು."

ಅನಸೂಯಮ್ಮ ಅದನ್ನು ಕೇಳಿದಳು. ದಿಬ್ಬದ ಮೇಲೆ ಬಾರದ ಅಳು ಈಗ ಬಂತು. ಹುಣಸೆಮರದ ಕೆಳಗೆ ಅವಳಿಗೆ ಬೇಕಾಗಿದ್ದದ್ದು ಇದೊಂದು ಮಾತು, ಇಷ್ಟೇ ಮಾತು. ಅದು ಯಾರೋ ಮೂರು ವಾರದ ಹುಡುಗಿಗೆ ಕೇಳದೆಯೇ ಸಿಕ್ಕಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಸೀಟಿನ ಬೆನ್ನಿಗೆ ಕೈ ಇಟ್ಟಳು.

"ಈಗ ಯೋಳುದ್ರಲ್ಲ, ಅದ್ನ ಇತ್ಲಾಗೆ ಒಂದ್ಸಲ ಯೋಳಿ."

ನಂಜಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದ.

"ಕನ್ನಡೀಲಲ್ಲ" ಎಂದಳು ಅನಸೂಯಮ್ಮ. "ತಿರುಗಿ."